ರಸ್ತೆಯ ನೀರು

ಸಂಡೂರು ರಸ್ತೆಗೆ ರಮಾ ಅಡ್ಡ ನಿಂತದ್ದನ್ನು ಕಂಡು ಗಾದಿಲಿಂಗಪ್ಪ ಟ್ಯಾಂಕರಿನ ಬ್ರೇಕು ಒತ್ತಿದ. ಹಿಂದೆ ಬಂದರಿಗೆ ಹೊರಟಿದ್ದ ಅದಿರಿನ ಲಾರಿಗಳು ಹಾರನ್ನು ಹೊಡೆಯತೊಡಗಿದವು.

“ಅಣ್ಣಾ, ನಾಕು ಕೊಡ ನೀರು ಬಿಡ್ರಿ. ನಿಮ್ಮ ದೋಸ್ತಗ ಕಡೀ ಜಳಕ ಮಾಡಿಸ್ಬೇಕು.”

ಗಣಿಯ ದಿಬ್ಬ ಕುಸಿದು ಸತ್ತ ಅವಳ ಗಂಡ ಪರಶುರಾಮ್ ರಸ್ತೆ ಬದಿಯ ಮನೆಯಂಗಳದ ಹಾಸುಗಲ್ಲಿನ ಮೇಲೆ ಮಲಗಿದ್ದ. ಕಿವಿಯಲ್ಲಿ, ಉಗುರುಸಂದಿಯಲ್ಲಿ, ರೆಪ್ಪೆಗಳಲ್ಲಿ ಕೆಂಪು ಮಣ್ಣು. ಬದುಕಿದ್ದಾಗಲೂ ದಿನಾ ಹಾಗೇ ಬರುತ್ತಿದ್ದ. ಅರ್ಧ ಕೊಡದಲ್ಲಿ ಕೈಕಾಲು ಮುಖ ತೊಳೆದರೆ ಮುಗಿಯಿತು. ಇವತ್ತೊಂದು ದಿನವಾದರೂ ಅವನನ್ನು ಅವನದೇ ಬಣ್ಣದಲ್ಲಿ ಕಳಿಸಬೇಕೆಂದು ರಮಾ ಹಟ ಹಿಡಿದಿದ್ದಳು.

“ಇದು ರೋಡಿಗೆ ಹೊಡಿಯೋ ನೀರು ತಂಗಿ,” ಗಾದಿಲಿಂಗಪ್ಪ ಕಣ್ಣು ತಪ್ಪಿಸಿದ. “ಧೂಳೆದ್ರ ಮುಂದಿಂದು ಕಾಣಂಗಿಲ್ಲ, ಲಾರಿ ನಿಂತುಬಿಡ್ತಾವು. ನನ್ನ ಕೆಲಸ ಹೋಗ್ತೈತಿ.”

ಅವಳ ಅತ್ತೆ ಯಲ್ಲಕ್ಕ ಕೊಡ ಹಿಡಿದೇ ಬಂದಳು. “ರೋಡಿಗೆ ದಿನಕ್ಕ ಮೂರು ಸಲ ಜಳಕ ಮಾಡಸ್ತೀಯಲ್ಲಲೇ ಗಾದಿಲಿಂಗ, ನನ್ನ ಮಗನಿಗೆ ಒಂದ್ಸಲ ಇಲ್ಲೇನು? ನಮ್ಮ ಬೋರಿಂಗಿನ್ಯಾಗ ನೀರಿದ್ದಿದ್ರ ನಿನ್ನ ಮಾರಿ ಯಾಕ ನೋಡ್ತಿದ್ದೆ?”

ಅವನು ಇಳಿದು ನಲ್ಲಿ ತಿರುಗಿಸಿದ. ಕೊಡಕ್ಕೆ ನೀರು ಕೆಂಪಗೆ ಬಿತ್ತು.

“ಎಲ್ಲೀದು ಈ ನೀರು?” ರಮಾ ಕೇಳಿದಳು.

“ಗಣಿ ತಳದ್ದು. ನಿಮ್ಮ ಬೋರಿಂಗಿಗೆ ಬರ್ತಿದ್ದ ಸೆಲೀನ ಅದು, ಅಗಿಯೂವಾಗ ಒಡದು ಅಲ್ಲಿ ನಿಂತೈತಿ.” ಅವನ ದನಿ ಇಳಿಯಿತು. “ಪರಶು ಮ್ಯಾಲ ದಿಬ್ಬ ಬಿತ್ತಲ್ಲ, ಅದರ ಬಾಜೂಕನ.”

ಯಲ್ಲಕ್ಕ ಸೊಸೆಯ ಕಡೆ ತಿರುಗಿದಳು. “ನೀ ಸಾಲ್ಯಾಗ ಹುಡುಗರಿಗೆ ಪಾಠ ಹೇಳ್ತಿದ್ದೆಲ್ಲವ್ವಾ, ನೀರು ಎಲ್ಲೂ ಹೋಗಂಗಿಲ್ಲ, ಸಮುದ್ರಕ್ಕ ಹೋದದ್ದು ಮೋಡ ಆಗಿ, ಮಳಿ ಆಗಿ, ನೆಲಕ್ಕ ಇಳದು ತಿರುಗಿ ನಮ್ಮ ಮನಿಗೇ ಬರ್ತೈತಿ ಅಂತ. ಬಂತು ನೋಡು, ಟ್ಯಾಂಕರಿನ್ಯಾಗ.”

ರಮಾ ತುಂಬಿದ ಕೊಡಗಳನ್ನು ಅಂಗಳಕ್ಕೆ ಒಯ್ದಳು. ನಾಲ್ಕು ಕೊಡವನ್ನೂ ಗಂಡನ ಮೈಮೇಲೆ ಸುರಿದಳು. ಎದೆಯ ಮಣ್ಣು ಇಳಿಯಿತು. ಅದರ ಜಾಗದಲ್ಲಿ ನೀರಿನ ಕೆಂಪು ಕೂತಿತು. ಸೆರಗಿನಿಂದ ಒರೆಸಿದಳು. ಸೆರಗು ಕೆಂಪಾಯಿತು, ಪರಶುರಾಮ್ ತನ್ನ ಬಣ್ಣಕ್ಕೆ ಬರಲಿಲ್ಲ. ಅವನ ಮೈಯಿಂದಿಳಿದ ನೀರು ಹಾಸುಗಲ್ಲು ದಾಟಿ, ಅಂಗಳ ದಾಟಿ, ಇಳಿಜಾರು ಹಿಡಿದು ರಸ್ತೆಗೆ ಹರಿಯಿತು.

ಹಾರನ್ನು ಜೋರಾಯಿತು. ಗಾದಿಲಿಂಗಪ್ಪ ಕೈಮುಗಿದು ಟ್ಯಾಂಕರು ಹತ್ತಿದ. ಮನೆಯ ಮುಂದಿನ ರಸ್ತೆ ಆಗಲೇ ಒದ್ದೆಯಾಗಿತ್ತು. ಅಷ್ಟು ದೂರ ನೀರು ಬಂದ್ ಮಾಡಿಕೊಂಡೇ ದಾಟಿದ.

ಹಿಂದೆಯೇ ಲಾರಿಗಳು ಒಂದೊಂದಾಗಿ ಹೋದವು. ಧೂಳು ಏಳಲಿಲ್ಲ.