ಸಮೀಕ್ಷಾಳ ರಜೆ

ಶಾಲೆಯಿಂದ ಬಂದ ಒಪ್ಪಿಗೆ ಪತ್ರಕ್ಕೆ ಹೇಮರಾಜ ಊಟದ ಮೇಜಿನ ಮೇಲೆಯೇ ಸಹಿ ಹಾಕಿದ. ಬರುವ ವರ್ಷ ಹತ್ತನೆಯ ತರಗತಿಗೆ ಹೋಗುವವರಿಗೆ ಬೇಸಿಗೆ ರಜೆ ಇಲ್ಲ. ಏಪ್ರಿಲ್ ಹನ್ನೆರಡರಿಂದ ಮೇ ಇಪ್ಪತ್ತರ ತನಕ ದಿನವೂ ಪಾಠ. ಈ ಅವಧಿಯಲ್ಲಿ ನೆಂಟರ ಮನೆ, ಪ್ರವಾಸ ಎಂದು ಮಗುವನ್ನು ಕರೆದುಕೊಂಡು ಹೋಗಬಾರದು ಎಂದು ಸಹಿಯ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅವನ ಹೆಂಡತಿ ಪ್ರಭಾವತಿ ಸೌಟು ಕೈಯಲ್ಲಿ ಹಿಡಿದುಕೊಂಡೇ ಆ ಸಾಲನ್ನು ಎರಡು ಸಲ ಓದಿದಳು.

"ನನ್ನನ್ನೊಂದು ಮಾತು ಕೇಳಬಹುದಿತ್ತು."

"ಕೇಳಲಿಕ್ಕೆ ಎಂತ ಉಂಟು? ಎರಡು ತಿಂಗಳು ಬಿಟ್ಟರೆ ಕಲಿತದ್ದೆಲ್ಲ ಗಾಳಿಗೆ ಹೋಗ್ತದೆ. ನಾವು ಮೂಡುಬಿದಿರೆಯಲ್ಲಿ ಮನೆ ಮಾಡಿದ್ದು ಮತ್ತೆ ಯಾತಕ್ಕೆ?"

ಪ್ರಭಾವತಿ ಮಗಳ ಕಡೆ ನೋಡಿದಳು. ಸಮೀಕ್ಷಾಳ ಮುಖ ಬಾಡಬೇಕಿತ್ತು. ಅವಳು ನಿಶ್ಚಿಂತೆಯಿಂದ ಹಪ್ಪಳ ಮುರಿಯುತ್ತಿದ್ದಳು. "ನನಗೆ ಕ್ಲಾಸೇ ಪರವಾಗಿಲ್ಲ ಅಮ್ಮ. ಫ್ರೆಂಡ್ಸೆಲ್ಲ ಇರ್ತಾರೆ. ಅಜ್ಜಿಮನೆಯಲ್ಲಿ ನೆಟ್‌ವರ್ಕ್ ಬೇಕಾದರೆ ಗೇರುಮರದ ಬುಡಕ್ಕೆ ಹೋಗಿ ನಿಲ್ಲಬೇಕು."

"ಕೇಳಿತಲ್ಲ?" ಎಂದ ಹೇಮರಾಜ.

ಕೇಳಿತ್ತು. ಕಳೆದುಹೋದದ್ದು ಮಗಳ ರಜೆಯಲ್ಲ ಎಂಬುದು ಪ್ರಭಾವತಿಗೆ ಪಾತ್ರೆ ತೊಳೆಯುವಾಗ ಹೊಳೆಯಿತು. ಸಮೀಕ್ಷಾ ಒಂದನೆಯ ತರಗತಿಗೆ ಸೇರಿದ ಮೇಲೆ ಅವಳು ಚಾರ್ಮಾಡಿಯ ತವರಿಗೆ ಹೋದದ್ದೆಲ್ಲ 'ಮಗುವಿಗೆ ರಜೆ' ಎಂಬ ಒಂದೇ ಮಾತಿನ ಬಲದಲ್ಲಿ. ವರ್ಷಕ್ಕೆ ಹತ್ತು ದಿನ. ಬೇರೆಯವರು ಮಾಡಿಕೊಟ್ಟ ಚಹಾ. ಮಧ್ಯಾಹ್ನ ಚಾವಡಿಯ ತಣ್ಣನೆಯ ನೆಲದಲ್ಲಿ, ಯಾರ ಕರೆಗೂ ಏಳಬೇಕಿಲ್ಲದ ನಿದ್ದೆ. ಉಳಿದ ದಿನಗಳೆಲ್ಲ ಆ ಹತ್ತರ ನೆಚ್ಚಿಗೆಯಲ್ಲೇ ಸಾಗುತ್ತಿದ್ದವು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಸಂಗತಿ ಎಂದು ಅವಳಿಗೂ ಅನಿಸಿರಲಿಲ್ಲ.

ಪಾಠ ಶುರುವಾಗಿ ಒಂದು ವಾರ ಕಳೆದ ಮೇಲೆ, ಬೆಳಿಗ್ಗೆ ಮಗಳಿಗೆ ಬುತ್ತಿ ಕಟ್ಟಿ ಕಳಿಸಿ, ಅವಳು ತನ್ನ ನಾಲ್ಕು ಸೀರೆ ಚೀಲಕ್ಕೆ ತುಂಬಿದಳು.

"ಇದೆಲ್ಲಿಗೆ?" ಎಂದ ಹೇಮರಾಜ.

"ಚಾರ್ಮಾಡಿಗೆ. ಹತ್ತು ದಿನ. ದೋಸೆಹಿಟ್ಟು ಫ್ರಿಜ್ಜಿನಲ್ಲಿ ಉಂಟು, ಸಾರಿನ ಪುಡಿ ಕೆಂಪು ಡಬ್ಬಿಯಲ್ಲಿ. ಸಮೀಕ್ಷಾಳಿಗೆ ಹೇಳಿದ್ದೇನೆ."

"ಅವಳಿಗೆ ರಜೆ ಇಲ್ಲವಲ್ಲ ಮಾರಾಯ್ತಿ."

"ನನಗುಂಟು."

ತಮಾಷೆಯೆಂದು ಅವನು ನಕ್ಕ. ಚೀಲದ ಜಿಪ್ ಎಳೆದ ಸದ್ದು ಕೇಳಿ ನಗು ನಿಲ್ಲಿಸಿದ. "ಅಲ್ಲಿ ಕೇಳಿದರೆ ಎಂತ ಹೇಳ್ತೀ?"

"ರಜೆಗೆ ಬಂದೆ ಅಂತ ಹೇಳ್ತೇನೆ. ಇನ್ನೆಂತ?"

ಬಸ್ಸು ವೇಣೂರು ದಾಟುವವರೆಗೂ ಅವಳಿಗೆ ಏನೋ ಬಿಟ್ಟುಬಂದ ಹಾಗೆ ಕಸಿವಿಸಿ. ಆಮೇಲೆ, ತಾನು ಕಿಟಕಿಯ ಪಕ್ಕ ಕೂತಿದ್ದೇನೆ ಎಂಬುದು ಗಮನಕ್ಕೆ ಬಂತು. ಆ ಸೀಟು ಯಾವಾಗಲೂ ಮಗಳದ್ದಾಗಿತ್ತು.

ಚಾರ್ಮಾಡಿಯಲ್ಲಿ ಅಮ್ಮ ಅಂಗಳಕ್ಕೆ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ಮಗಳನ್ನು ಕಂಡವಳು ಮೊದಲು ನೋಡಿದ್ದು ಮಗಳ ಬೆನ್ನ ಹಿಂದೆ, ಖಾಲಿ ದಾರಿಯನ್ನು.

"ಮಗು ಎಲ್ಲಿ?"

"ಅವಳಿಗೆ ಶಾಲೆ ಉಂಟಮ್ಮ. ಈ ಸಲ ರಜೆ ಇಲ್ಲ."

"ಮತ್ತೆ ನೀನು?"

"ನಾನು ರಜೆಗೆ ಬಂದೆ."

ಅಮ್ಮ ಒಳಗೆ ಹೋಗಿ, ನೆಂಟರಿಗೆ ತರುವ ಹಾಗೆ ಬೆಲ್ಲ, ನೀರು ತಂದಿಟ್ಟಳು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆ ಅದು. ಅಣ್ಣ, ಅತ್ತಿಗೆ ಇನ್ನೂ ಉಜಿರೆಯ ಕೆಲಸದಿಂದ ಬಂದಿರಲಿಲ್ಲ. ಬಡಿಸುತ್ತ ಅಮ್ಮ ದನಿ ತಗ್ಗಿಸಿದಳು.

"ಹೇಮರಾಜ ಕೈ ಮಾಡಿದನಾ?"

"ಇಲ್ಲಮ್ಮ."

"ಕುಡಿಯುವ ಚಟ ಉಂಟಾ?"

"ಛೆ, ಅದೆಲ್ಲ ಇಲ್ಲ."

"ಮತ್ತೆ ಎಂತಕ್ಕೆ ಬಂದದ್ದು? ನನ್ನ ಹತ್ತಿರವಾದರೂ ಹೇಳು."

ಪ್ರಭಾವತಿ ಹೇಳಲು ನೋಡಿದಳು. 'ನಿದ್ದೆ ಮಾಡಲಿಕ್ಕೆ ಬಂದೆ' ಎಂಬ ಮಾತು ನಾಲಿಗೆಯವರೆಗೆ ಬಂತು. ಅಮ್ಮನ ಮುಖ ನೋಡಿ ಅದನ್ನು ಅನ್ನದ ಜೊತೆ ನುಂಗಿದಳು. ಎಪ್ಪತ್ತು ದಾಟಿದ ಈ ಹೆಂಗಸು ಹಗಲು ಮಲಗಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

ಮರುದಿನ ಅವಳು ಎದ್ದಾಗ ಬಿಸಿಲು ಚಾವಡಿಗೆ ಬಂದಿತ್ತು. ಒಲೆಯ ಪಕ್ಕ ಅವಳ ಚಹಾ ಮುಚ್ಚಿ ಇಟ್ಟಿದ್ದರು. ಲೋಟ ಹಿಡಿದು ಹೊರಗೆ ಬಂದಾಗ ಅಮ್ಮ ಅಂಗಳದಲ್ಲಿ ಹಪ್ಪಳ ಮಗುಚುತ್ತಿದ್ದಳು. ಬೇಲಿಯ ಆಚೆ ನೆರೆಮನೆಯ ಸೇಸಮ್ಮ ನಿಂತಿದ್ದಳು.

"ಪ್ರಭಕ್ಕ ಒಬ್ಬರೇ ಬಂದ ಹಾಗೆ ಕಂಡಿತು ನಿನ್ನೆ. ಮಗುವಿಲ್ಲ, ಅಳಿಯನಿಲ್ಲ. ಎಂತ ವಿಶೇಷ?"

ಅಮ್ಮ ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. "ಸೊಂಟನೋವು ಮಾರಾಯ್ತಿ. ಹತ್ತು ದಿನ ಮಲಗಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ. ಅಲ್ಲಿದ್ದರೆ ಮಲಗಲಿಕ್ಕೆ ಉಂಟಾ?"

"ಪಾಪ," ಎಂದಳು ಸೇಸಮ್ಮ. ಅವಳ ಮುಖದ ಕುತೂಹಲ ಇಳಿದು ಕನಿಕರ ಮೂಡಿತು. "ಹಾಗಾದರೆ ಮಲಗಲಿ, ಮಲಗಲಿ."

ಮೆಟ್ಟಿಲ ತುದಿಯಲ್ಲಿದ್ದ ಪ್ರಭಾವತಿಯ ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು. ಚಹಾ ಚೆಲ್ಲದ ಹಾಗೆ, ಸ್ವಲ್ಪ ಬಾಗಿ, ಅವಳು ಒಂದೊಂದೇ ಮೆಟ್ಟಿಲು ಇಳಿದಳು.