ಸುದ್ದಿ ಒಯ್ದವನು

ನಾಲ್ಕು ತಲೆಮಾರು ಬೇಕಿತ್ತು. ಗೌತಮಿಯ ವಂಶವೃಕ್ಷದ ಚಾರ್ಟಿನಲ್ಲಿ ಮೂರೂವರೆ ಇದ್ದವು. ತಾನು, ಅಪ್ಪ ಮುನೇಶ್, ತಾತ ಗಂಗುಲಪ್ಪ ಸೇರಿ ಮೂರು. ತಾತನ ಅಪ್ಪ ನಲ್ಲಪ್ಪನಿಗೆ ಹೆಸರಿತ್ತು, ಸತ್ತ ಇಸವಿ ಇರಲಿಲ್ಲ. ಇಸವಿಯೂ ಅದಕ್ಕೊಂದು ಆಧಾರವೂ ಇಲ್ಲದ ಹೆಸರನ್ನು ಚರಿತ್ರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಲೆಕ್ಚರರ್ ಕಡ್ಡಿ ಮುರಿದಂತೆ ಹೇಳಿದ್ದರು. ಚಾರ್ಟು ಕೊಡಲು ನಾಳೆಯೇ ಕೊನೆ. ತಪ್ಪಿದರೆ ಮುಂದಿನ ಬೇಸಿಗೆಗೂ ಇದೇ ತರಗತಿ, ಇದೇ ಬಿಸಿಲು, ಇದೇ ಎರಡು ಬಸ್ಸು.

ದೂರಶಿಕ್ಷಣದಲ್ಲಿ ಇತಿಹಾಸದ ಎಂ.ಎ.ಗೆ ಕಟ್ಟಿದವರಿಗೆ ಆ ವರ್ಷ, 2005ರ ಮೇ ತಿಂಗಳಲ್ಲಿ, ಚಿಕ್ಕಬಳ್ಳಾಪುರದಲ್ಲಿ ಇಪ್ಪತ್ತು ದಿನ ಪಾಠ. ಫ್ಯಾನು ಇತ್ತು, ಕರೆಂಟು ಇರುತ್ತಿರಲಿಲ್ಲ. ತೊಂಡೇಬಾವಿ ಹತ್ತಿರದ ಹಳ್ಳಿಯಿಂದ ದಿನಾ ಹೋಗಿಬಂದು ಗೌತಮಿಗೆ ಚರಿತ್ರೆ ಎಂದರೆ ಬೆವರು ಎನ್ನುವಂತಾಗಿತ್ತು. ಇವತ್ತೂ ಬಸ್ಸಿಳಿದು ಬಂದವಳು ಮುಖ ಕೂಡ ತೊಳೆಯದೆ, ಹೊಂಗೆ ಮರದ ಕೆಳಗೆ ತಾತನ ಮಂಚದ ಪಕ್ಕ ಕುಸಿದು ಕೂತಳು.

"ತಾತ, ನಿಮ್ಮಪ್ಪ ಯಾವ ವರ್ಷ ತೀರ್ಕೊಂಡಿದ್ದು? ಸರಿಯಾಗಿ ಜ್ಞಾಪಿಸ್ಕೋ."

"ಹಿಂಗೇ ಬಿಸಿಲುಕಾಲ. ಇಸವಿ ಗಿಸವಿ ನಮಗೆಲ್ಲಿ ಬರ್ತದಮ್ಮ?"

"ಬಿಸಿಲುಕಾಲ ಅಂತ ಬರೆದ್ರೆ ಮಾರ್ಕ್ಸ್ ಕೊಡಲ್ಲ."

"ಅವನನ್ನ ಊರೋರು ನಲ್ಲ ಅಂತಿದ್ರು. ಅಪ್ಪ ಅನ್ನೋದು ನಾವು ಸೇರಿಸ್ಕೊಂಡಿದ್ದು. ಅದನ್ನಾದ್ರೂ ಬಿಡಬ್ಯಾಡ."

ಮಾದರಿಗೆ ಇರಲಿ ಎಂದು ಜೊತೆಗೆ ಓದುವ ಅದೇ ಊರಿನ ನಾಗರಾಜ್ ತನ್ನ ಚಾರ್ಟನ್ನು ಕೊಟ್ಟಿದ್ದ. ಒಳ್ಳೆಯ ಹುಡುಗ, ಕೊಟ್ಟಿದ್ದರಲ್ಲಿ ಕೊಂಕಿರಲಿಲ್ಲ. ಆದರೆ ಅದರಲ್ಲಿ ಒಂಬತ್ತು ತಲೆಮಾರು ಇದ್ದವು. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ಓದಿ ಹೇಳುವ ಹೆಳವರು ನಾಗರಾಜನ ಮನೆಯ ಜಗಲಿಯಲ್ಲಿ ಇಳಿಯುತ್ತಾರೆ. ಗೌತಮಿಯ ಕೇರಿಯ ಕಡೆಗೆ ಅವರ ಎತ್ತು ಯಾವತ್ತೂ ತಿರುಗಿದ್ದಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕೂ ಅವಳಲ್ಲಿ ಈಗ ತ್ರಾಣವಿರಲಿಲ್ಲ. ಅವನ ಚಾರ್ಟು ಬಿಡಿಸಿ ಸುಮ್ಮನೆ ಓದತೊಡಗಿದಳು.

"ಆವುಲಪ್ಪ. ಮರಣ, ನಂದನ ಸಂವತ್ಸರ, ಅಂದ್ರೆ 1952. ವೈಶಾಖ ಬಹುಳ ಪಂಚಮಿ. ಆಧಾರ, ಹೆಳವರ ಪುಸ್ತಕ."

"ತಪ್ಪು," ಎಂದ ಗಂಗುಲಪ್ಪ, ಕಣ್ಣು ಮುಚ್ಚಿಕೊಂಡೇ. "ಸತ್ತಿದ್ದು ಚೌತಿ ಸಾಯಂಕಾಲ. ಪಂಚಮಿ ದಿನ ಮಣ್ಣು ಮಾಡಿದ್ದು."

"ನಿನಗೆಂಗೆ ಗೊತ್ತು?"

"ಸಾವು ಹೇಳಕ್ಕೆ ಹೋದೋನು ನಾನಲ್ವಾ?"

ಊರಿನ ದೊಡ್ಡ ಮನೆಗಳಲ್ಲಿ ಯಾರು ಸತ್ತರೂ ನೆಂಟರ ಊರುಗಳಿಗೆ ನಡೆದುಹೋಗಿ ಸುದ್ದಿ ಮುಟ್ಟಿಸುವುದು ಆಗ ಗಂಗುಲಪ್ಪನ ಮನೆಯವರ ಪಾಲಿಗಿದ್ದ ಕೆಲಸ. ಮುದುಕ ಬೆರಳು ಮಡಚುತ್ತಾ ಹನ್ನೊಂದು ಊರುಗಳನ್ನು ಹೇಳಿದ. ತೊಂಡೇಬಾವಿಯಿಂದ ಶುರುವಾಗಿ, ಮಂಚೇನಹಳ್ಳಿ ದಾಟಿ, ಕೊನೆಗೆ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ. ಯಾವ ಊರಿನಲ್ಲಿ ಯಾರು ಬಾಯಿ ಬಡಿದುಕೊಂಡು ಅತ್ತರು, ಯಾವ ಮನೆಯ ಅಕ್ಕಯ್ಯಮ್ಮ ದೂರದಲ್ಲೇ ನಿಂತು ಬೊಗಸೆಗೆ ಮಜ್ಜಿಗೆ ಹೊಯ್ದಳು, ಯಾರು ಅದನ್ನೂ ಕೊಡಲಿಲ್ಲ, ಎಲ್ಲ ಹೇಳಿದ. ಹೆಳವರ ಪುಸ್ತಕದಲ್ಲಿ ಇಲ್ಲದ್ದೆಲ್ಲ ಈ ಹರಕು ಮಂಚದ ಮೇಲಿತ್ತು. ಗೌತಮಿಗೆ ಸಿಟ್ಟು ಬಂತು.

"ಅವರ ಮನೇದು ತಿಥಿ ಸಮೇತ ಗೊತ್ತು. ನಿಮ್ಮಪ್ಪಂದು ಮಾತ್ರ ಗೊತ್ತಿಲ್ಲ!"

ಗಂಗುಲಪ್ಪ ಕಣ್ಣು ಬಿಟ್ಟ.

"ತಿಥಿ ಗೊತ್ತಮ್ಮ. ಪಂಚಮಿ."

"ಯಾವ ಪಂಚಮಿ?"

"ಅದೇ. ನಾನು ದಾರೀಲಿದ್ನಲ್ಲ, ಆ ಪಂಚಮಿ. ಮುದ್ದೇನಹಳ್ಳೀಲಿ ಹೇಳಿ, ಹೊತ್ತು ಮುಳುಗೋ ಹೊತ್ಗೆ ಬಂದೆ. ಬಿಸಿಲಿಗೆ ಹೆಣ ಇಡಕ್ಕಾಗಲ್ಲ ಅಂತ ನಮ್ಮಪ್ಪನ್ನ ಮಣ್ಣು ಮಾಡಿಬಿಟ್ಟಿದ್ರು. ಆವುಲಪ್ಪನೋರ ಹೆಣ ನೆಂಟ್ರಿಗೆ ಕಾದಿತ್ತು. ನಮ್ಮಪ್ಪಂದು ನನಗೆ ಕಾಯ್ಲಿಲ್ಲ."

"ನಿನಗೆ ಯಾರೂ ಹೇಳಿಕಳಿಸ್ಲಿಲ್ವಾ ತಾತ?"

"ಸಾವು ಹೇಳಕ್ಕೆ ಹೋಗೋನೇ ನಾನು. ನನಗೆ ಯಾರು ಬರ್ತಾರಮ್ಮ?" ಮುದುಕ ತನ್ನ ಪಾದಗಳನ್ನು ಸವರಿಕೊಂಡ. "ನಮ್ಮ ನೆಂಟ್ರೂ ಆ ದಾರಿ ಊರುಗಳಲ್ಲೇ ಇದ್ರು. ಅವರಿಗೆ ನಾನು ಹೇಳಕ್ಕೆ ಹೋಗ್ಲಿಲ್ಲ. ಅದೇ ದಾರಿ ಇನ್ನೊಂದು ಸಲ ನಡೆಯೋಕೆ ಕಾಲಲ್ಲಿ ಜೀವ ಇರ್ಲಿಲ್ಲ."

ಗೌತಮಿ ಎರಡು ಚಾರ್ಟುಗಳನ್ನೂ ಪಕ್ಕಪಕ್ಕದಲ್ಲಿ ಹರಡಿದಳು. ನಾಗರಾಜನ ಚಾರ್ಟು ನೋಡಿಕೊಂಡು, ನಲ್ಲಪ್ಪನ ಹೆಸರಿನ ಮುಂದೆ 1952, ವೈಶಾಖ ಬಹುಳ ಪಂಚಮಿ ಎಂದು ಬರೆದಳು. ನಾಲ್ಕು ತಲೆಮಾರು ತುಂಬಿತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಆಧಾರ ಎಂಬ ಕಡೆ ಪೆನ್ನು ನಿಂತಿತು. ಆಮೇಲೆ, ಸುದ್ದಿ ಒಯ್ದ ಗಂಗುಲಪ್ಪ ಎಂದು ಬರೆದಳು. ಲೆಕ್ಚರರ್ ಒಪ್ಪುತ್ತಾರೋ ಇಲ್ಲವೋ, ಅದನ್ನು ಅಳಿಸುವ ಮನಸ್ಸು ಅವಳಿಗಿರಲಿಲ್ಲ.

ಗಂಗುಲಪ್ಪ ತೋಳನ್ನೇ ತಲೆಗೆ ಕೊಟ್ಟು ಮಗ್ಗುಲಾದ.

"ನಾಳೆ ಆ ದಾರೀಲೇ ಅಲ್ವೇನಮ್ಮ ನೀನು ಹೋಗೋದು?"

"ಹೂಂ ತಾತ. ಏಳು ಗಂಟೆ ಬಸ್ಸು."

"ಹಂಗಾದ್ರೆ ಹೇಳಿಬಿಡಮ್ಮ," ಎಂದ. "ನಲ್ಲಪ್ಪ ತೀರ್ಕೊಂಡ ಅಂತ."