ಗೊತ್ತಿಲ್ಲದವರ ಗತ್ತು

“‘ನನಗೆ ಗೊತ್ತಿರಲಿಲ್ಲ’ ಅನ್ನಿ ಭಾವ. ಇನ್ನೊಂದ್ಸಲ.”

ಬಣ್ಣದ ಕಾರ್ಖಾನೆಯ ಯಜಮಾನರು ಗಂಟಲು ಸರಿಮಾಡಿಕೊಂಡರು. ಆ ಮಾತು ಅವರ ಬಾಯಿಂದ ಎಂದೂ ಬಂದದ್ದಲ್ಲ. ಅವರಿಗೆ ತಿಳಿಯದ ವಿಷಯವೇ ಈ ಭೂಮಿಯ ಮೇಲಿರಲಿಲ್ಲ. ಕಾರ್ಖಾನೆಗೆ ಹೋಗುತ್ತಿದ್ದದ್ದು ಮಾತ್ರ ಅಪರೂಪ.

ಕಾರ್ಖಾನೆಯ ಹಿಂದೆ ಗುಟ್ಟಾಗಿ ಹಾಕಿದ್ದ ಪೈಪಿನಿಂದ ವಿಷದ ನೀರು ಹರಿದು ಕಾಲುವೆಯ ಮೀನೆಲ್ಲ ಸತ್ತು ತೇಲಿದ್ದವು. ವಕೀಲ, ಅಂದರೆ ಹೆಂಡತಿಯ ತಮ್ಮ, ಬಿಡಿಸಿ ಹೇಳಿದ. “ಗೊತ್ತಿಲ್ದೆ ಆಗಿದ್ರೆ ಬರೀ ಅಸಡ್ಡೆ. ದಂಡ ಕಟ್ಟಿ ಮನೆಗೆ ಬರ್ತೀರಿ. ಗೊತ್ತಿದ್ದೂ ಮಾಡಿದೋರು ಯಾರು ಅಂತ ಆಮೇಲೆ ಹುಡುಕ್ಕೊಳ್ಲಿ.”

“ಸಿಕ್ಕಿದ್ರೆ ಎಷ್ಟು ವರ್ಷ?” ಅವನ ಅಕ್ಕ ಕೇಳಿದಳು.

“ಆರು.”

ಆಕೆ ಸೊಂಟದ ಕೀಲಿಕೈ ಗೊಂಚಲನ್ನು ಸರಿಪಡಿಸಿಕೊಂಡು ನಿಟ್ಟುಸಿರು ಬಿಟ್ಟಳು. “ಧೈರ್ಯಕ್ಕಿರ್ಲಿ ಅಂತ ನಂಟರನ್ನೆಲ್ಲ ಕೋರ್ಟಿಗೆ ಕರ್ದಿದ್ದೀನಿ.”

ಬಂದರು. ಮೊದಲ ಸಾಲಿನಲ್ಲೇ ಷಡ್ಡಕ. ಯಜಮಾನರ ಬುದ್ಧಿವಾದ ಕೇಳಿ ಕೇಳಿ ಸುಣ್ಣವಾಗಿದ್ದವನು.

“ಪೈಪು ಎಲ್ಲಿದೆ?” ಸರ್ಕಾರಿ ವಕೀಲರು ಶುರುಮಾಡಿದರು.

“ಗೊತ್ತಿಲ್ಲ.”

“ಅದರ ವಾಲ್ವಿಗೆ ಬೀಗ ಇದೆ. ಕೀಲಿಕೈ ಎಲ್ಲಿ?”

“ಗೊತ್ತಿಲ್ಲ.”

“ಬಣ್ಣಕ್ಕೆ ಏನೇನು ಬೆರೆಸ್ತಾರೆ?”

“ಗೊತ್ತಿಲ್ಲ.”

ನ್ಯಾಯಾಧೀಶರಿಗೂ ತಡೆಯಲಾಗಲಿಲ್ಲ. “ಅಲ್ರೀ, ನಿಮಗೆ ಏನಾದ್ರೂ ಗೊತ್ತಾ?”

ಷಡ್ಡಕ ಕಿಸಕ್ಕನೆ ನಕ್ಕ. ಹಿಂದೆಯೇ ನಂಟರ ಸಾಲಿಗೆ ಸಾಲೇ ನಕ್ಕಿತು. ಯಜಮಾನರ ಕಿವಿ ಕೆಂಪೇರಿತು. ಜೈಲಿಗಾದರೂ ಹೋಗಿ ಬರಬಹುದು. ಇವನ ಮುಂದೆ ಪೆದ್ದನೆನಿಸಿಕೊಂಡು ಬಾಳುವುದು ಹೇಗೆ?

“ಎಲ್ಲಾ ಗೊತ್ತು,” ಎಂದರು. “ನನ್ನ ಅಪ್ಪಣೆ ಇಲ್ದೆ ಅಲ್ಲಿ ಹುಲ್ಲುಕಡ್ಡಿನೂ ಅಲ್ಲಾಡಲ್ಲ. ಪೈಪು ಹಾಕಿಸಿದ್ದೂ ನಾನೇ, ನೀರು ಬಿಡಿಸಿದ್ದೂ ನಾನೇ.”

ವಕೀಲ ತಲೆಯ ಮೇಲೆ ಕೈಹೊತ್ತು ಕುಳಿತ. ನಗು ನಿಂತಿತು. ಯಜಮಾನರು ಷಡ್ಡಕನತ್ತ ಗೆದ್ದವರಂತೆ ನೋಡಿದರು.

ತೀರ್ಪಿನ ದಿನ ಅಕ್ಕ–ತಮ್ಮ ಇಬ್ಬರೇ ಕಾರಿನಲ್ಲಿ ಹಿಂತಿರುಗಿದರು.

“ಆರಕ್ಕೆ ಆರೂ ಹಾಕಿಬಿಟ್ರು,” ಎಂದ ತಮ್ಮ. “ನಿಜ ಹೇಳಕ್ಕ, ಭಾವನಿಗೆ ಎಲ್ಲಾ ಗೊತ್ತಿತ್ತಾ?”

“ಅವರಿಗೇನು ಗೊತ್ತು, ಪಾಪ. ನಂಟರು ನಕ್ಕರೆ ತಡ್ಕೊಳ್ಳಲ್ಲ ಅನ್ನೋದು ನಂಗೆ ಗೊತ್ತಿತ್ತು.”

ಕಾರು ಕಾಲುವೆಯ ಸೇತುವೆಗೆ ಬಂದಾಗ ಆಕೆ ಸೊಂಟದ ಗೊಂಚಲಿನಿಂದ ಬಣ್ಣ ಮೆತ್ತಿದ್ದ ಕೀಲಿಕೈಯೊಂದನ್ನು ಬಿಡಿಸಿ, ಕಿಟಕಿಯಾಚೆ ನೀರಿಗೆ ಎಸೆದಳು.